ಮೋರ್ಸ್‌ನ ಮರದ ಚೌಕಟ್ಟು

ಹೆಂಡತಿ ಸತ್ತ ಸುದ್ದಿ ತಡವಾಗಿ ತಲುಪಿತೆಂದು ನೊಂದು ಸ್ಯಾಮ್ಯುಯೆಲ್ ಮೋರ್ಸ್ ತಂತಿಯಂತ್ರ (ಟೆಲಿಗ್ರಾಫ್) ಕಂಡುಹಿಡಿದ ಎಂಬ ಕಥೆ ಈ ವಾರ ಮತ್ತೆ ನನ್ನ ಮೊಬೈಲಿಗೆ ಬಂತು, ಅದೂ ಮೂರು ಗುಂಪುಗಳಿಂದ. ಕೊನೆಯಲ್ಲಿ ಕೈಮುಗಿದ ಚಿತ್ರ ಬೇರೆ.

ಕಥೆಯ ಮೊದಲರ್ಧ ನಿಜ. 1825ರ ಫೆಬ್ರವರಿಯಲ್ಲಿ ಮೋರ್ಸ್ ವಾಷಿಂಗ್ಟನ್ನಿನಲ್ಲಿದ್ದ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ ಫ್ರೆಂಚ್ ಸೇನಾನಿ ಲಫಾಯೆಟ್‌ನ ಆಳೆತ್ತರದ ಭಾವಚಿತ್ರ ಬರೆಯುವ ಕೆಲಸವನ್ನು ನ್ಯೂಯಾರ್ಕ್ ನಗರ ಅವನಿಗೆ ಒಪ್ಪಿಸಿತ್ತು. ಅತ್ತ ನ್ಯೂಹೇವನ್ನಿನಲ್ಲಿ, ಮೂರನೆಯ ಮಗುವನ್ನು ಹೆತ್ತು ಕೆಲವೇ ವಾರಗಳಾಗಿದ್ದ ಹೆಂಡತಿ ಲುಕ್ರೀಷಿಯಾ 7ನೇ ತಾರೀಖು ತೀರಿಕೊಂಡಳು. 10ರಂದೂ ಇವನು ಅವಳಿಗೆ ಕಾಗದ ಬರೆಯುತ್ತಿದ್ದ. ಅಪ್ಪನ ಪತ್ರ ಕೈಸೇರಿ, ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ‘ತಂತಿ ಬಂದಿದೆ’ ಎಂದರೆ ಒಡೆದು ಓದುವ ಮೊದಲೇ ಅಳಲು ಕೂರುತ್ತಿದ್ದ ಅಜ್ಜಿಯನ್ನು ನೋಡಿ ಬೆಳೆದ ನನಗೆ ಈ ಕಥೆ ಯಾಕೆ ಇಷ್ಟು ಓಡುತ್ತದೆ ಎಂದು ಅರ್ಥವಾಗುತ್ತದೆ.

ಆದರೆ ಆಮೇಲೆ ಅವನು ಮಾಡಿದ್ದೇನು? ಹಿಂತಿರುಗಿ ಲಫಾಯೆಟ್‌ನ ಚಿತ್ರ ಮುಗಿಸಿದ. ಮತ್ತೆ ಹನ್ನೆರಡು ವರ್ಷ ಕುಂಚ ಹಿಡಿದೇ ಬದುಕಿದ. ತಂತಿಯ ಯೋಚನೆ ಹೊಳೆದದ್ದು 1832ರಲ್ಲಿ, ಯುರೋಪಿನಿಂದ ಮರಳುವ ಹಡಗಿನಲ್ಲಿ, ವಿದ್ಯುತ್ಕಾಂತದ ಬಗ್ಗೆ ಸಹಪ್ರಯಾಣಿಕರ ಹರಟೆ ಕೇಳುತ್ತಾ. ನಡುವಿನ ಏಳು ವರ್ಷಗಳನ್ನು ಆ ಕಥೆ ನುಂಗಿಬಿಡುತ್ತದೆ. ಜೊತೆಗೆ ಒಬ್ಬ ಚಿತ್ರಕಾರನನ್ನೂ.

ಪಾದ್ರಿಯ ಮಗ. ಯೇಲ್‌ನಲ್ಲಿ ಓದುವಾಗಲೇ ದಂತದ ಮೇಲೆ ಪುಟ್ಟ ಮುಖಗಳನ್ನು ಬರೆದು, ಒಂದಕ್ಕೆ 5 ಡಾಲರ್ ಪಡೆಯುತ್ತಿದ್ದ. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಕಲಿತು 1815ರಲ್ಲಿ ಮರಳಿದವನಿಗೆ ಇತಿಹಾಸದ ದೊಡ್ಡ ದೊಡ್ಡ ಚಿತ್ರಗಳ ಕನಸು. ಸಿಕ್ಕಿದ್ದು ಊರೂರು ಅಲೆದು 15 ಡಾಲರಿಗೊಂದು ಮುಖ ಬರೆಯುವ ಕೆಲಸ. ಅಮೆರಿಕದ ಕೆಳಮನೆಯನ್ನು ದೀಪ ಹಚ್ಚುವ ಹೊತ್ತಿನಲ್ಲಿ ಚಿತ್ರಿಸಿ, ಎಂಬತ್ತಕ್ಕೂ ಹೆಚ್ಚು ಮಂದಿಯ ಮುಖಗಳನ್ನು ಅದರಲ್ಲಿ ಕೂರಿಸಿದ. ಟಿಕೆಟ್ ಇಟ್ಟು ಪ್ರದರ್ಶಿಸಿದರೆ ಜನ ಬರಲಿಲ್ಲ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದ 38 ಚಿತ್ರಗಳನ್ನು ಒಂದೇ ಕ್ಯಾನ್‌ವಾಸಿನೊಳಗೆ ಪುಟ್ಟದಾಗಿ ನಕಲಿಸಿದ. ಅದಕ್ಕೂ ಅದೇ ಗತಿ. 1982ರಲ್ಲಿ ಆ ಚಿತ್ರ 32.5 ಲಕ್ಷ ಡಾಲರಿಗೆ ಮಾರಾಟವಾಯಿತು.

ಅವನು ಕೀಳೆಂದುಕೊಂಡ ಮುಖಚಿತ್ರಗಳೇ ಅವನ ನಿಜವಾದ ಶಕ್ತಿ ಎಂಬುದು ನನ್ನ ಅಭಿಪ್ರಾಯ. ನ್ಯೂಯಾರ್ಕ್ ಸಿಟಿ ಹಾಲ್‌ನಲ್ಲಿರುವ ಲಫಾಯೆಟ್‌ನನ್ನೇ ನೋಡಿ. ಹಿಂದೆ ಉರಿಯುವ ಸಂಜೆಯ ಆಕಾಶ, ಪಕ್ಕದಲ್ಲಿ ವಾಷಿಂಗ್ಟನ್ ಮತ್ತು ಫ್ರಾಂಕ್ಲಿನ್‌ರ ಎದೆಮಟ್ಟದ ಪ್ರತಿಮೆಗಳು, ಇವನಿಗಾಗಿ ಕಾದಿರುವ ಖಾಲಿ ಪೀಠ. ಈ ಆಡಂಬರವೆಲ್ಲ ಇತಿಹಾಸ ಚಿತ್ರಕಾರನ ಹಂಬಲ. ಮುಖ ಮಾತ್ರ ದಣಿದ, ಭಾರವಾದ ಮುದುಕನದು. ಅಲ್ಲಿ ಹೊಗಳಿಕೆ ಇಲ್ಲ. ನನ್ನ ಕಣ್ಣು ನಿಲ್ಲುವುದು ಅಲ್ಲಿಯೇ.

ಅವನನ್ನು ಹುತಾತ್ಮನನ್ನಾಗಿ ಮಾಡುವ ಆಸೆ ನನಗಿಲ್ಲ. ಕ್ಯಾಥೊಲಿಕ್ ವಲಸಿಗರನ್ನು ದ್ವೇಷಿಸಿದ, ಗುಲಾಮಗಿರಿಯನ್ನು ಸಮರ್ಥಿಸಿ ಬರೆದ. ಕೈಮುಗಿದ ಚಿತ್ರದ ಪಕ್ಕ ಇದನ್ನು ಯಾರೂ ಬರೆಯುವುದಿಲ್ಲ, ಬಿಡಿ.

1837ರಲ್ಲಿ ಅಮೆರಿಕದ ಸಂಸತ್ ಭವನದ ಗುಮ್ಮಟದಡಿಯ ದುಂಡು ಸಭಾಂಗಣ ರೊಟಂಡಾದ ಚಿತ್ರಗಳಿಗೆ ಕಲಾವಿದರನ್ನು ಆರಿಸಿದಾಗ ಇವನ ಹೆಸರು ಬಿಟ್ಟುಹೋಯಿತು. ಆಗ ಅವನು ರಾಷ್ಟ್ರೀಯ ಚಿತ್ರಕಲಾ ಅಕಾಡೆಮಿಯ ಅಧ್ಯಕ್ಷ! ಆ ಏಟಿನಿಂದ ಚಿತ್ರಕಾರ ಮೇಲೇಳಲಿಲ್ಲ. 1839ರಲ್ಲಿ ಪ್ಯಾರಿಸ್ಸಿನಲ್ಲಿ ಛಾಯಾಚಿತ್ರ ವಿದ್ಯೆಯ ಆದ್ಯರಲ್ಲೊಬ್ಬನಾದ ಡಾಗೆರ್‌ನನ್ನು ಕಂಡು ಬಂದು, ನ್ಯೂಯಾರ್ಕಿನಲ್ಲಿ ಛಾಯಾಚಿತ್ರ ತೆಗೆಯುವುದನ್ನು ಕಲಿಸತೊಡಗಿದ. ಊರೂರು ಅಲೆಯುವ ಮುಖಚಿತ್ರಕಾರರ ಅನ್ನಕ್ಕೆ ಕಲ್ಲು ಬಿದ್ದದ್ದು ಅದೇ ವಿದ್ಯೆಯಿಂದ. ಕಲೆಯನ್ನು ತಾನು ಬಿಡಲಿಲ್ಲ, ಅದೇ ತನ್ನನ್ನು ಬಿಟ್ಟಿತು ಎಂದು ಮುಂದೆ ಗೆಳೆಯನೊಬ್ಬನಿಗೆ ಬರೆದ.

ಅವನ ಮೊದಲ ತಂತಿಯಂತ್ರ ಈಗಲೂ ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಗಡಿಯಾರದ ಚಕ್ರಗಳು, ಕಾಗದದ ಪಟ್ಟಿ, ತೂಗಾಡುವ ಪೆನ್ಸಿಲ್, ಇಷ್ಟನ್ನೂ ಅವನು ಜೋಡಿಸಿದ್ದು ಕ್ಯಾನ್‌ವಾಸ್ ಬಿಗಿಯುವ ಮರದ ಚೌಕಟ್ಟಿನ ಮೇಲೆ.