ಸತ್ಯಾಂಶ: ಉದ್ದ ಕೈಯ ಝೈನಬ್

ಆರಂಭದ ಇಸ್ಲಾಂ ಕಾಲದ ಹೆಂಗಸರಿಗೆ ಸ್ವಂತ ದುಡ್ಡೇ ಇರಲಿಲ್ಲ, ದಾನವೆಲ್ಲ ಗಂಡಸರದ್ದೇ ಎನ್ನುವ ಫಾರ್ವರ್ಡ್ ಓಡಾಡುತ್ತಿದೆ. ಇದು ತಪ್ಪು.

ಪ್ರವಾದಿ ಮುಹಮ್ಮದರ ಪತ್ನಿ ಝೈನಬ್ ಬಿಂತ್ ಜಹಶ್ ಅವರನ್ನೇ ನೋಡಿ. ಚರ್ಮ ಹದ ಮಾಡಿ, ಹೊಲಿದು, ಬಂದದ್ದನ್ನು ಬಡವರಿಗೆ ಕೊಡುತ್ತಿದ್ದರು. ಪತ್ನಿಯರಲ್ಲಿ ಉದ್ದ ಕೈಯವಳೇ ತೀರಿಕೊಂಡು ತನ್ನನ್ನು ಮೊದಲು ಸೇರುತ್ತಾಳೆ ಎಂದು ಪ್ರವಾದಿ ಹೇಳಿದ್ದರು ಎನ್ನುತ್ತದೆ ಹದೀಸ್, ಅಂದರೆ ಪ್ರವಾದಿಯ ಮಾತು-ನಡೆಗಳ ವರದಿ. ಅವರೆಲ್ಲ ನಿಜಕ್ಕೂ ಕೈ ಅಳೆದು ನೋಡಿದರಂತೆ! ಆದರೆ ಪ್ರವಾದಿಯ ನಂತರ ಅವರಲ್ಲಿ ಮೊದಲು ತೀರಿಕೊಂಡವರು ಝೈನಬ್, ಸುಮಾರು 641ರಲ್ಲಿ. ಉದ್ದ ಕೈ ಅಂದರೆ ಕೊಡುವ ಕೈ ಎಂದು ಆಗ ಅರ್ಥವಾಯಿತು. ನಾವೂ ಕೊಡುಗೈ ಅಂತೀವಲ್ವಾ?

ಕುರಾನ್ ಪ್ರಕಾರ ಮಹರ್, ಅಂದರೆ ಮದುವೆಗೆ ಗಂಡ ಹೆಂಡತಿಗೆ ಕೊಡುವ ಹಣ ಅಥವಾ ವಸ್ತು, ಹೆಂಡತಿಯದೇ ಸೊತ್ತು. ಅಪ್ಪನ ಆಸ್ತಿಯಲ್ಲೂ ಮಗಳಿಗೆ ಪಾಲಿತ್ತು, ಮಗನದರ ಅರ್ಧದಷ್ಟು.