ಮಾಲಮ್ಮ ಕಾರ್ಡಿನಲ್ಲಿ ಮಲಮ್ಮ

ಕನ್ನಡದ ಹೆಸರನ್ನು ಕನ್ನಡದಲ್ಲಿ ಬರೆಯಬೇಕಾದರೆ ಈಗ ಮೊದಲು ಇಂಗ್ಲಿಷಿಗೆ ಹೋಗಿ ಬರಬೇಕು. ಹಿತ್ತಲಿಗೆ ಹೋಗಲು ಊರು ಸುತ್ತಿ ಬಂದ ಹಾಗೆ.

ಕೌಂಟರಿನಲ್ಲಿ ಅಜ್ಜಿ "ಮಾಲಮ್ಮ" ಅನ್ನುತ್ತಾರೆ. ಹುಡುಗ ಅದನ್ನು ಇಂಗ್ಲಿಷಿನಲ್ಲಿ ಕುಟ್ಟುತ್ತಾನೆ. ಕಂಪ್ಯೂಟರ್ ಅದನ್ನು ವಾಪಸ್ ಕನ್ನಡಕ್ಕೆ ತಿರುಗಿಸುತ್ತದೆ. ಇಂಗ್ಲಿಷಿನಲ್ಲಿ ಅ ಮತ್ತು ಆ ಎರಡಕ್ಕೂ ಒಂದೇ 'ಎ'. ಯಾವುದನ್ನು ಆರಿಸಬೇಕು ಎಂದು ಕಂಪ್ಯೂಟರ್ ಯಾರನ್ನೂ ಕೇಳುವುದಿಲ್ಲ. ಕಾರ್ಡು ಬರುತ್ತದೆ: ಮಲಮ್ಮ.

"ಏನಪ್ಪಾ ಇದು? ಥೂ!"

"ನಾನೇನ್ ಮಾಡ್ಲಿ ಅಜ್ಜಿ, ಸಿಸ್ಟಂನಲ್ಲಿ ಹಂಗೇ ಬರುತ್ತೆ."

"ತಿದ್ದಪ್ಪ ಹಂಗಾದ್ರೆ."

"ನೀವು ಮಾಲಮ್ಮ ಅನ್ನೋದಕ್ಕೆ ದಾಖಲೆ ಬೇಕು."

ದಾಖಲೆ ಇದೆ. ರೇಷನ್ ಕಾರ್ಡು. ಅದರಲ್ಲಿ ಅವರು ಮಾಳಮ್ಮ. ಮತದಾರರ ಪಟ್ಟಿಯಲ್ಲಿ ಮಲ್ಲಮ್ಮ. ಪಾಸ್‌ಬುಕ್ಕಿನಲ್ಲಿ ಮಳಮ್ಮ. ಪಿಂಚಣಿ ಮಾತ್ರ ಒಬ್ಬರಿಗೇ. ಈಗ ಈ ನಾಲ್ವರೂ ಒಬ್ಬರೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಬೇಕು. ಅದನ್ನು ಟೈಪ್ ಮಾಡುವುದೂ ಇಂಗ್ಲಿಷಿನಲ್ಲೇ.

'ತ'ದ ಪಾಡು ಇನ್ನೂ ಚೆಂದ. ನಾವು ದಕ್ಷಿಣದವರು 'ಟಿ'ಯನ್ನು ಟಕಾರಕ್ಕೆ ಇಟ್ಟುಕೊಂಡು, ತಕಾರಕ್ಕೆ ಪಕ್ಕದಲ್ಲೊಂದು 'ಎಚ್' ಸೇರಿಸುತ್ತೇವೆ. ಉತ್ತರದವರು ಅದನ್ನು ಓದಿ ಲತಾಳನ್ನು ಲಥಾ ಮಾಡುತ್ತಾರೆ. ಅವರಿಗೆ ನಮ್ಮ ಲೆಕ್ಕ ಗೊತ್ತಿಲ್ಲ, ಹೋಗಲಿ. ಆದರೆ ಇಲ್ಲಿನ ಪಟ್ಟಿಗಳಲ್ಲೂ ಭಾರತಿ ಭರಥಿ, ತಿಮ್ಮಪ್ಪ ಥಿಮ್ಮಪ್ಪ! ಹೆತ್ತವರು ಕೊಡದ ಮಹಾಪ್ರಾಣವನ್ನು ಇಲಾಖೆ ಪುಕ್ಕಟೆ ಕೊಡುತ್ತಿದೆ.

ನಾಲಿಗೆಗಳ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಅನಿಲ್ ಕುಂಬ್ಳೆ 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತಕ್ಕೆ ಹತ್ತು ವಿಕೆಟ್ ಕಿತ್ತರು. ಹಿಂದಿ ಬಾಯಲ್ಲಿ ಆಮೇಲೂ ಅವರು ಕುಂಬ್ಲೆಯೇ. ಹತ್ತು ವಿಕೆಟ್ ಸಿಕ್ಕವು, ಒಂದು ಳ ಸಿಗಲಿಲ್ಲ. ಇವತ್ತಿನ ಹಿಂದಿಯಲ್ಲಿ ಆ ಅಕ್ಷರವೇ ಇಲ್ಲ, ಪಾಪ ಎಲ್ಲಿಂದ ತರುತ್ತಾರೆ? ನಾವೇನು ಕಮ್ಮಿ ಅಲ್ಲ. ಬಂಗಾಳದವರು 'ಶೌರೊಭ್ ಗಾಂಗುಲಿ' ಅನ್ನುವವರನ್ನು ನಾವು ಸೌರವ್ ಗಂಗೂಲಿ ಮಾಡಿ ಹಾಯಾಗಿದ್ದೇವೆ. ಮಂಡ್ಯದ ಕಡೆ ಅಜ್ಜಿ "ಲೇ ಅರೀಸ" ಎಂದು ಕೂಗಿದರೆ ಹರೀಶ "ಏನಜ್ಜೀ" ಎಂದು ಓಡಿ ಬರುತ್ತಾನೆ. ಅಜ್ಜಿ ದಾಖಲೆ ಕೇಳುವುದಿಲ್ಲ, ಅಲ್ವಾ?

ಕಂಪ್ಯೂಟರಿಗೆ ಈ ನೆಪ ಇಲ್ಲ. ಅದರೊಳಗೆ ಳ ಇದೆ, ದೀರ್ಘ ಇದೆ, ತ-ಥ ಎರಡೂ ಬೇರೆ ಬೇರೆ ಇವೆ. ಇಲ್ಲದಿರುವುದು ಎದುರಿಗೆ ನಿಂತವರನ್ನು ಕೇಳಿ ಕನ್ನಡದಲ್ಲೇ ಟೈಪ್ ಮಾಡುವ ಪುರುಸೊತ್ತು. ತಪ್ಪು ಅಕ್ಷರ ಹಾಕುವುದಕ್ಕೆ ಅರ್ಧ ನಿಮಿಷ ಸಾಕು. ತಿದ್ದಿಸುವುದಕ್ಕೆ ಅರ್ಜಿ, ಶುಲ್ಕ, ಕ್ಯೂ, ಜೆರಾಕ್ಸ್, ಒಂದು ದಿನದ ಕೂಲಿ.

ಹಾಗಾಗಿ ಸರ್ಕಾರಕ್ಕೆ ನನ್ನದೊಂದು ಸಲಹೆ. ನಾಮಕರಣಕ್ಕೆ ಪುರೋಹಿತರ ಜೊತೆ ಒಬ್ಬ ಡೇಟಾ ಎಂಟ್ರಿ ಆಪರೇಟರನ್ನೂ ಕಳಿಸಿಕೊಡಿ. ಪುರೋಹಿತರು ನಕ್ಷತ್ರ ನೋಡಲಿ, ಇವನು ಕೀಬೋರ್ಡ್ ನೋಡಲಿ. ದೀರ್ಘ ಇರಬಾರದು, ತ ಇರಬಾರದು, ಳ-ಣ ಬೇಡವೇ ಬೇಡ. ಮಂಡ್ಯದ ಅಜ್ಜಿಗೋಸ್ಕರ ಹ ಕೂಡ ಬೇಡ. ಇಷ್ಟೆಲ್ಲ ಸೋಸಿದ ಮೇಲೆ ಉಳಿಯುವುದು 'ರವಿ'. ಊರಿನ ಗಂಡು ಮಕ್ಕಳಿಗೆಲ್ಲ ಅದನ್ನೇ ಇಟ್ಟುಬಿಡಿ. ಮುಂದೆ ಯಾವನಿಗಾದರೂ ಕೊಲ್ಕತ್ತಾದಲ್ಲಿ ಕೆಲಸ ಸಿಕ್ಕಿ 'ರೊಬಿ' ಆದರೆ, ಅದಕ್ಕೊಂದು ಅಫಿಡವಿಟ್ ಮಾಡಿಸಿಕೊಳ್ಳಲಿ.