ಚಪ್ಪಲಿ ಎಲ್ಲಿ ಬಿಡೋದು?

ಕ್ರೊಯೇಷಿಯಾದ ಜಾಗ್ರೆಬ್‌ನಲ್ಲಿ ಹಳೇ ಊರಿನ ಗುಡ್ಡ ಹತ್ತುವಾಗ ‘ಕಮೆನಿತಾ ವ್ರತಾ’ ಸಿಗುತ್ತದೆ. ಅಂದರೆ ಕಲ್ಲಿನ ಬಾಗಿಲು. ಹೊರಗಿನಿಂದ ನೋಡಿದರೆ ಹಳೇ ಕಟ್ಟಡದ ಕೆಳಗೊಂದು ಕಮಾನು, ಅಷ್ಟೇ. ಒಳಗೆ ಹೋದರೆ ಮಬ್ಬುಗತ್ತಲು, ಮೇಣದ ವಾಸನೆ, ಬೆಂಚಿನ ಮೇಲೆ ಕಣ್ಣುಮುಚ್ಚಿ ಕೂತ ಅಜ್ಜಿಯರು. ನನ್ನ ಕಾಲು ತಾನಾಗಿ ನಿಂತಿತು. ಚಪ್ಪಲಿ ಎಲ್ಲಿ ಬಿಡೋದು?

ಎಲ್ಲೂ ಬಿಡುವಂತಿಲ್ಲ, ಇದು ರಸ್ತೆ! ತರಕಾರಿ ಚೀಲ ಹಿಡಿದವರು, ಆಫೀಸಿಗೆ ಹೊರಟವರು ಎಲ್ಲರೂ ಗರ್ಭಗುಡಿ ಮುಂದೆಯೇ ಹಾದು ಹೋಗುತ್ತಾರೆ. ಕೆಲವರು ನಡೆಯುತ್ತಲೇ ಎದೆ ಮೇಲೆ ಶಿಲುಬೆ ಬರೆದುಕೊಳ್ಳುತ್ತಾರೆ. ಬಸ್ಸಲ್ಲಿ ಕೂತೇ ಗುಡಿಗೆ ಕೈ ಮುಗಿಯುತ್ತೇವಲ್ಲ, ಹಾಗೆ.

1242ರಲ್ಲಿ, ಮಂಗೋಲರ ದಾಳಿಯ ಬೆನ್ನಲ್ಲೇ, ಹಂಗೇರಿ-ಕ್ರೊಯೇಷಿಯಾದ ರಾಜ ನಾಲ್ಕನೇ ಬೇಲಾ ಈ ಊರಿಗೆ ಸ್ವತಂತ್ರ ಊರು ಅಂತ ಸನ್ನದು ಕೊಟ್ಟ. ಗೋಡೆ ಮಾತ್ರ ನೀವೇ ಕಟ್ಟಿಕೊಳ್ಳಿ ಅಂದ. ಆ ಗೋಡೆಯ ಬಾಗಿಲುಗಳಲ್ಲಿ ಉಳಿದಿರುವುದು ಇದೊಂದೇ. ಒಳಗೆ ದಾರಿ ಥಟ್ಟನೆ ತಿರುಗುತ್ತದೆ, ನಮ್ಮ ಚಿತ್ರದುರ್ಗದ ಕೋಟೆ ಬಾಗಿಲುಗಳ ಹಾಗೆ. ವೈರಿ ಓಡಿ ಬರಬಾರದು ಅಂತ ಮಾಡಿದ ತಿರುವಿನಲ್ಲಿ ಈಗ ಮೇರಿಯಮ್ಮ ಕೂತಿದ್ದಾಳೆ.

1731ರ ಮೇ 31ರಂದು ಇಲ್ಲಿ ಬೆಂಕಿ ಬಿತ್ತು. ಬೂದಿಯಲ್ಲಿ ಮೇರಿ ಮತ್ತು ಮಗುವಿನ ಚಿತ್ರ ಮಾತ್ರ ಸುಡದೆ ಸಿಕ್ಕಿತು ಅಂತ ಜನರ ನಂಬಿಕೆ. ಅದಕ್ಕೇ ಈ ಗುಡಿ. ಇವತ್ತಿಗೂ ಮೇ 31 ಅಂದರೆ ಊರ ಹಬ್ಬ.

ನನಗೆ ಜಾಸ್ತಿ ಹಿಡಿಸಿದ್ದು ಗೋಡೆ. ತುಂಬಾ ಚಿಕ್ಕ ಚಿಕ್ಕ ಕಲ್ಲುಹಲಗೆ. ಬಹಳಷ್ಟರ ಮೇಲೆ ‘ಹ್ವಾಲಾ’ ಅಂತಿದೆ, ಅಂದರೆ ಥ್ಯಾಂಕ್ಸ್. ಯಾತಕ್ಕೆ ಅಂತ ಬರೆದಿಲ್ಲ. ಮಗ ಯುದ್ಧದಿಂದ ವಾಪಸ್ ಬಂದನೋ, ಮಗಳು ಪರೀಕ್ಷೆ ಪಾಸಾದಳೋ, ಸುಮ್ನೆ ಹಲ್ಲುನೋವು ಹೋಯಿತೋ. ನಮ್ಮಲ್ಲಾದರೆ ಗುಡಿಯ ಟ್ಯೂಬ್‌ಲೈಟ್ ಮೇಲೂ ದಾನಿಗಳ ಹೆಸರು, ಊರು, ಇನಿಷಿಯಲ್ ಸಮೇತ ಇರುತ್ತದೆ, ಅಲ್ವಾ?

ಗುಡ್ಡ ಹತ್ತಿ ನನ್ನ ಮೊಣಕಾಲು ನೋಯುತ್ತಿತ್ತು. ಇರಲಿ ಅಂತ ಒಂದು ಮೇಣದಬತ್ತಿ ಹಚ್ಚಿದೆ. ಬಾಗಿಲು ದಾಟಿದರೆ ಮೂಲೆಯಲ್ಲೇ ಒಂದು ಔಷಧಿ ಅಂಗಡಿ, 1355ರಷ್ಟು ಹಿಂದೆಯೇ ಇತ್ತಂತೆ. ಅಲ್ಲೊಂದು ಮುಲಾಮು ಕೊಂಡೆ.

ರಾತ್ರಿಯೊಳಗೆ ನೋವು ಇಳಿಯಿತು. ಈಗ ‘ಹ್ವಾಲಾ’ ಕಲ್ಲು ಯಾರ ಗೋಡೆಗೆ ಹಾಕಿಸೋದು?